ಇಂಪನಾಳ ಹರಳುಗಳು

ಬುಧವಾರ, ನವೆಂಬರ್ 12. ಭದ್ರಾವತಿ.

ಇವತ್ತು ನನ್ನ ಜೂನಿಯರ್ ಇಂಪನಾ ನನ್ನಲ್ಲಿ ಕ್ಷಮೆ ಕೇಳಿದಳು. ಅದೇ ಕೊರೆಯುತ್ತಿದೆ.

ಶಿವಮೊಗ್ಗದ ನಮ್ಮ ಲ್ಯಾಬಿನಲ್ಲಿ ಅವಳು ಮಳೆಗಾಲವಿಡೀ ಕಾದು ಬೆಳೆಸಿದ ಪ್ರೋಟೀನ್ ಹರಳುಗಳನ್ನು ಎಕ್ಸ್‌ರೇ ತೆಗೆಯಲೆಂದು ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸಿದವಳು ನಾನು. ಮೊದಲು ಗ್ಲಿಸರಾಲ್‌ನಲ್ಲಿ ನೆನೆಸಬೇಕಿತ್ತು. ಇಲ್ಲದಿದ್ದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಹರಳಿನ ಜೋಡಣೆಯನ್ನೇ ಒಡೆದುಬಿಡುತ್ತದೆ. ಬಸ್ಸು ತಪ್ಪೀತೆಂದು ನೆನೆಸದೇ ಅದ್ದಿದೆ.

ಇವತ್ತು ಎಕ್ಸ್‌ರೇ ಚಿತ್ರ ಬಂತು. ಹರಳು ಸರಿಯಿದ್ದರೆ ಕಾಣಬೇಕಾದ ಪ್ರೋಟೀನಿನ ಚುಕ್ಕೆಗಳೇ ಇಲ್ಲ, ಬರೀ ಮಂಜುಗಡ್ಡೆಯ ಉಂಗುರಗಳು. “ನಿನ್ ಕ್ರಿಸ್ಟಲ್ಲೇ ಸರಿಯಿಲ್ಲ ಕಣಮ್ಮ” ಎಂದರು ಸರ್ ಅವಳಿಗೆ. ಅವಳು ನನ್ನ ಕಡೆ ತಿರುಗಿ, “ಸಾರಿ ಅಕ್ಕ, ನಿಮ್ ಕೆಲ್ಸಾನೂ ಹಾಳ್ ಮಾಡ್ಬಿಟ್ಟೆ” ಎಂದಳು. ನಾನು “ಇರ್ಲಿ ಬಿಡೇ” ಎಂದೆ. ಹಾಗೆನ್ನಲು ನನಗೆ ಬಾಯಾದರೂ ಹೇಗೆ ಬಂತು?

ಸಂಜೆ ಮನೆಗೆ ಬಂದವಳೇ ಇಂಪನಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ.

“ಹಂಗಾದ್ರೆ ನನ್ ಕ್ರಿಸ್ಟಲ್ ಚೆನ್ನಾಗೇ ಇದ್ವಾ ಅಕ್ಕಾ?”

ದನಿಯಲ್ಲಿ ಖುಷಿಯಿತ್ತು.

“ಚೆನ್ನಾಗಿದ್ವು ಕಣೇ.”

“ಹಂಗಾದ್ರೆ ಮತ್ತೆ ಬೆಳೆಸ್ತೀನಿ ಬಿಡಿ.”

ನಾಳೆ ಸರ್ ಮುಂದೆಯೂ ಒಪ್ಪಿಕೊಳ್ಳಬೇಕು. ಅವಳು ಒಂದು ಮಾತು ಬೈದಿದ್ದರೆ ಇಷ್ಟು ಹೊತ್ತಿಗೆ ನನಗೆ ನಿದ್ದೆಯಾದರೂ ಬರುತ್ತಿತ್ತು.