ಅತ್ತೆಯ ಬೆಳಗಿನ ಮುಖ

ಹುಬ್ಬಳ್ಳಿ, ಆಸ್ಪತ್ರೆಯ ಎರಡನೇ ಮಹಡಿ
ಗುರುವಾರ, 17 ಜುಲೈ 2025

ನನ್ನ ಮುದ್ದು ಅವ್ವ,

ಹೆದರಬೇಡ, ನನಗೇನೂ ಆಗಿಲ್ಲ. ಆಪರೇಷನ್ ನಮ್ಮತ್ತೆಗೆ. ಈಗಷ್ಟೇ ಒಳಗೆ ಕರೆದೊಯ್ದರು. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀ, ದೊಡ್ಡಪ್ಪ ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಈ ಪತ್ರ. ಇವರ ಗೆಳೆಯ ನದೀಮ ಹಿರೇಕೆರೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಮೊದಲ ಮಾತು, ಭಾನುವಾರ ಅಪ್ಪ, ದೊಡ್ಡಪ್ಪ ಯಾರೂ ಯಲವಿಗಿಗೆ ನ್ಯಾಯ ಕೇಳಲು ಬರುವುದು ಬೇಡ. ಅತ್ತೆ ನನ್ನನ್ನು ಕಂಡರೆ ಮುಖ ಸಿಂಡರಿಸುತ್ತಾರೆ, ನಾನು ಬಡಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೇಳುತ್ತಾರೆ ಎಂದು ಅತ್ತಿದ್ದೆನಲ್ಲ, ಅದು ಸಿಟ್ಟಲ್ಲವಂತೆ, ಕಾಯಿಲೆಯಂತೆ. ಮಯಸ್ತೇನಿಯಾ ಗ್ರೇವಿಸ್. ಬೆಳಿಗ್ಗೆ ಗಟ್ಟಿಯಿದ್ದ ಸ್ನಾಯುಗಳು ಹೊತ್ತೇರಿದಂತೆ ಸೋಲುತ್ತವೆ. ರೆಪ್ಪೆ ಜೋಲುತ್ತದೆ, ದವಡೆ ಅಗಿಯುವುದಿಲ್ಲ, ನಗಲು ಹೋದರೆ ಸಿಂಡರಿಸಿದಂತೆ ಕಾಣುತ್ತದೆ. ನಮ್ಮ ಮದುವೆಯ ಫೋಟೋಗಳನ್ನು ತೆಗೆದು ನೋಡು, ಅತ್ತೆ ಸಿಂಡರಿಸಿದಂತೆ ಕಾಣುವವೆಲ್ಲ ಸಂಜೆಯವು. ನಾವು ಸಂಬಂಧದಿಂದ ಹಿಂದೆ ಸರಿದೇವೆಂದು ಕಾಯಿಲೆಯ ಸಂಗತಿ ಮೊದಲೇ ಹೇಳಲಿಲ್ಲವಂತೆ. ಸಿಟ್ಟು ಮಾಡಲೋ ಮರುಗಲೋ ತಿಳಿಯುತ್ತಿಲ್ಲ.

ಇಂಗ್ಲಿಷ್ ಮೀಡಿಯಂ ಸೊಸೆ ಎಂದು ಡಾಕ್ಟರ ಮಾತನ್ನು ಬಿಡಿಸಿ ಹೇಳುವ ಕೆಲಸ ನನಗೇ ಬಂತು. ಪದಗಳೆಲ್ಲ ಗೊತ್ತು, ಅರ್ಥ ಒಂದೂ ಹಿಡಿಯಲಿಲ್ಲ. ರೆಪ್ಪೆ ಜೋತರೆ ಎದೆಯೊಳಗಿನ ಥೈಮಸ್ ಗ್ರಂಥಿಯನ್ನು ಯಾಕೆ ತೆಗೆಯಬೇಕು? ಸ್ನಾಯುಗಳನ್ನು ಸೋಲಿಸುವ ತೊಂದರೆ ಅಲ್ಲಿಂದಲೇ ಹೊರಡುತ್ತದಂತೆ. ರೋಬೋಟ್ ಕೊಯ್ದರೆ ಡಾಕ್ಟರು ಏನು ಮಾಡುತ್ತಾರೆ? ಅವರು ಅದೇ ಕೋಣೆಯಲ್ಲಿ ಒಂದೆಡೆ ಕುಳಿತು ಕೈಯಾಡಿಸುತ್ತಾರಂತೆ. ಪಕ್ಕೆಯ ಸಣ್ಣ ತೂತುಗಳಿಂದ ಒಳಹೋದ ಯಂತ್ರದ ತೋಳುಗಳು ಹಾಗೇ ಆಡುತ್ತವಂತೆ. ಅತ್ತೆ ಕೇಳಿದರು: “ಕೈ ಡಾಕ್ಟರಂದು, ಕತ್ತರಿ ಯಂತ್ರದ್ದು. ಹೆಚ್ಚುಕಮ್ಮಿ ಆದ್ರ ಯಾರನ್ನ ಬೈಬೇಕು?”

“ನನ್ನ ಬೈಯವ್ವ, ರೂಢಿ ಐತಿ,” ಎಂದರು ಇವರು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಹೇಳು.

ಗುಣ ಕಾಣಲು ತಿಂಗಳುಗಳೇ ಬೇಕಂತೆ, ವರ್ಷವೂ ಆದೀತಂತೆ. ಪೂರ್ತಿ ಹೋಗುತ್ತದೆಂಬ ಭರವಸೆಯೂ ಇಲ್ಲ. ಪಂಚಮಿಗೆ ನಾನು ಬರುವುದಿಲ್ಲ ಅವ್ವ. ಉಂಡಿ ಮಾತ್ರ ಕಳಿಸು, ಅತ್ತೆಗೆ ಅಗಿಯಲು ಬರುವಂಥ ಮೆತ್ತಗಿನ ರವೆ ಉಂಡಿ.

ನಿನ್ನ ತಲೆಕೆಟ್ಟ ಮಗಳು,
ಯಶೋಧರಾ

ತಾ.ಕ.: ಒಂದು ಮಾತು ಬರೆಯದೇ ಬಿಟ್ಟಿದ್ದೆ. ಆಪರೇಷನ್ ಬೇಕೆಂದು ಡಾಕ್ಟರು ಹೋದ ವರ್ಷವೇ ಹೇಳಿದ್ದರಂತೆ; ಅತ್ತೆ ಒಲ್ಲೆನೆಂದು ಗುಳಿಗೆಯಲ್ಲೇ ದಿನ ತಳ್ಳುತ್ತಿದ್ದರು. ನಾನು ಹಿತ್ತಲಲ್ಲಿ ನಿಂತು, “ಈಕಿ ಒಮ್ಮೆನೂ ನನ್ನ ನೋಡಿ ನಕ್ಕಿಲ್ಲವ್ವ,” ಎಂದು ನಿನಗೆ ಫೋನಿನಲ್ಲಿ ಹೇಳಿದಾಗ ಅವರು ಬಚ್ಚಲಲ್ಲಿದ್ದರು. ಮರುದಿನವೇ ಮಗನಿಗೆ, “ತಾರೀಖು ಹಿಡಿ,” ಎಂದರಂತೆ. ಇವರು ನಿನ್ನೆ ಹೇಳಿದರು.

ಇವತ್ತು ನಸುಕಿನಲ್ಲಿ ಅತ್ತೆ ನನ್ನನ್ನು ತಟ್ಟಿ ಎಬ್ಬಿಸಿದರು. “ನೀ ಏಳೂದ್ರಾಗ ನನ್ನ ನಗಿ ಮುಗದಿರತೈತಿ. ಈಗ ನೋಡು,” ಎಂದು ಪೂರ್ತಿ ನಕ್ಕರು. ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಅವ್ವ. ತಿರುಗಿ ನಗಲು ಹೋದೆ, ನನ್ನ ಮುಖಕ್ಕೇ ನಗು ಬರಲಿಲ್ಲ.