ಬೆಣ್ಣಿ ಕೈ

ಜುಲೈ ೬, ಭಾನುವಾರ

ಹೂದಾನಿ ಇನ್ನೂ ಮುಗಿದಿಲ್ಲ. ಬಳ್ಳಿ ಆಯಿತು, ಎಲೆ ಅರ್ಧ. ಖಾದರಭಾಯಿ ಕಾರ್ಖಾನೆಯವರು ಬುಧವಾರ ಒಯ್ಯಲು ಬರುತ್ತಾರೆ. ಬಿದ್ರಿ ಕೆಲಸದಲ್ಲಿ ನನ್ನ ಪಾಲು ತಾರಕಶಿ — ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ತಟ್ಟುವುದು. ಮದುವೆಯಾಗಿ ನೌಬಾದದ ಈ ಪಡಸಾಲೆಗೆ ಬಂದಾಗಿನಿಂದ ಇದೇ. ತಂತಿ ಸರಕ್ಕನೆ ಗೆರೆಗೆ ಇಳಿದಾಗ ಒಂದು ಸುಖ ಆಗುತ್ತದಲ್ಲ, ಅದನ್ನು ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

ಇವತ್ತು ಎಡಗೈ ತೋರುಬೆರಳು ಹಿಂದಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತು. ಬಾಗುವುದೇನು ಹೊಸದಲ್ಲ. ಹುಟ್ಟಿದಾಗಿನಿಂದ ಹೀಗೇ. ಠಾಣಾ ಕುಶನೂರಿನ ಮನೆಗೆ ಯಾರೇ ಬರಲಿ, ಅಪ್ಪ ಕರೆಯುವರು — "ಏ ಬಸ್ಸಿ, ಹೆಬ್ಬಟ್ಟು ಮಣಿಕಟ್ಟಿಗಿ ಹಚ್ಚಿ ತೋರ್ಸ." ತೋರಿಸುತ್ತಿದ್ದೆ. ಬಂದವರು ಅಬಬಬ ಅನ್ನುವರು. ಶೇಂಗಾ ಉಂಡಿ ಸಿಗುತ್ತಿತ್ತು.

ಆದರೆ ಹಿಂದೆ ಹೋದದ್ದು ಮುಂದೆ ಬರದೆ ನಿಲ್ಲುವುದು? ಇನ್ನೊಂದು ಕೈಯಿಂದ ಒತ್ತಿದೆ. ಟಕ್ ಅಂತು. ಬಂತು.

ಸಂಜೆ ಬಸವಮಂಟಪದ ವಚನ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ಮೇಲೆ ಬಲಗೈ ಬೆರಳಿಗೂ ಅದೇ ಆಯಿತು. ಸ್ವರ ತಪ್ಪಿತು. ಹಾಡುವವರಿಗೆ ಗೊತ್ತಾಗಲಿಲ್ಲ. ಮಗಳು ಸರಿತಾಗೆ ಗೊತ್ತಾಯಿತು. ಒಂಬತ್ತು ವರ್ಷದ ಹುಡುಗಿ — ಪಕ್ಕದಲ್ಲೇ ತಬಲಾ ಬಾರಿಸುತ್ತಿದ್ದವಳು ತಾಳ ಬಿಡದೆ ನನ್ನ ಮುಖ ನೋಡಿದಳು. ನಾನು ನಕ್ಕೆ. ಸುಳ್ಳು ನಗು.

ಹೆದರಿಕೆ ಆಗಿದೆ. ಇಲ್ಲಿಯಾದರೂ ಖರೆ ಬರೆಯುತ್ತೇನೆ, ಬಹಳ ಹೆದರಿಕೆ ಆಗಿದೆ.

ಜುಲೈ ೧೧, ಶುಕ್ರವಾರ

ದವಾಖಾನೆಗೆ ಹೋಗಿಬಂದೆ. ಮನೆಯಲ್ಲಿ ಬಜಾರಿಗೆ ಅಂತ ಹೇಳಿದ್ದೆ. ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ನನ್ನ ಬೆರಳು ಒಂದೊಂದೇ ಹಿಂದಕ್ಕೆ ಬಾಗಿಸಿ ನೋಡಿದರು. ಮೊಣಕೈ, ಮೊಣಕಾಲು ಎಲ್ಲ.

"ಹುಟ್ಟಾ ಜಾಯಿಂಟ್ ಲೂಸ್ ಅವ್ರಿ. ಹೈಪರ್‌ಮೊಬಿಲಿಟಿ ಅಂತಾರ."

"ಕೆಲಸ ಬಿಡ್ಬೇಕೇನ್ರಿ? ಪೇಟಿ?"

"ಬಿಡಬ್ಯಾಡ್ರಿ. ಆದ್ರ ಒಂದೇ ಸಮ ಕುಂಡ್ರಬ್ಯಾಡ್ರಿ, ನಡುನಡು ಕೈಗಿ ಆರಾಮ ಕೊಡ್ರಿ. ಬೆರಳು ಹಿಂದ ಹೋಗಲಾರದಂಗ ಎಂಟಿನ ಆಕಾರದ ಉಂಗುರ ಬರ್ತಾವ. ಹೈದರಾಬಾದಿಂದ ತರಿಸ್ಬೇಕು."

ನಾನು ಕನ್ನಡದ ಎಂಟು ಅಂದುಕೊಂಡೆ. ಅದರಲ್ಲಿ ಬೆರಳು ಎಲ್ಲಿ ಹೋಗಬೇಕು ಅಂತ ತಲೆ ಕೆಡಿಸಿಕೊಂಡೆ. ಅವರು ಚೀಟಿ ಮೇಲೆ ಬರೆದು ತೋರಿಸಿದರು — ಇಂಗ್ಲಿಷ್ ಎಂಟು. ಎರಡು ಸುತ್ತು. ಇಬ್ಬರೂ ನಕ್ಕೆವು. ಆಗ ಹಗುರ ಅನ್ನಿಸಿತ್ತು.

ಆಮೇಲೆ ಅವರು, "ಇದು ಮನೆತನದಾಗ ಬರ್ತದ್ರಿ. ಮಕ್ಕಳದಾರೇನ್ರಿ? ಒಮ್ಮಿ ಕೈ ನೋಡಾಣ" ಅಂದರು.

"ಆಟೋ ನಿಂತದ್ರಿ," ಅಂದೆ. ಎದ್ದು ಬಂದೆ. ಆಟೋ ಗೀಟೋ ಏನೂ ಇರಲಿಲ್ಲ.

ಜುಲೈ ೧೩

ಸರಿತಾ ಊಟ ಮಾಡುವಾಗ ಅವಳ ಕೈ ನೋಡುವುದಿಲ್ಲ. ಜಡೆ ಹಾಕುವಾಗ ಕೂದಲು ಮಾತ್ರ ನೋಡುತ್ತೇನೆ. ನೋಡದಿದ್ದರೆ ಇಲ್ಲ. ಹುಚ್ಚಿ ನಾನು.

ಜುಲೈ ೨೬, ಶನಿವಾರ

ಪಂಚಮಿ ಬಂತು. ಬಳೆ ಹಾಕಲು ಅಕ್ತರಬೀ ಬಂದಿದ್ದರು. ಅತ್ತೆ ಚಾಪೆ ಹಾಸಿ ಮೊಮ್ಮಗಳನ್ನು ಮೊದಲು ಕೂರಿಸಿದರು.

ಅಕ್ತರಬೀ ಸರಿತಾಳ ಕೈ ಹಿಡಿದು ಹೆಬ್ಬೆರಳು ಒಳಗೆ ಮಡಚಿದರು. ಎಲ್ಲಕ್ಕಿಂತ ಸಣ್ಣ ಅಳತೆಯ ಹಸಿರು ಬಳೆ. ಒತ್ತಲೇ ಇಲ್ಲ, ತಾನೇ ಇಳಿದು ಹೋಯಿತು. ಅವರು ಕೈ ಬಿಡದೆ ನನ್ನ ಕಡೆ ತಿರುಗಿದರು.

"ಅರೆ ವಾಹ್! ಪೂರಾ ಅವ್ವಂದೇ ಕೈ ಅದ ನೋಡ್ರಿ. ಎಲುಬೇ ಇಲ್ಲ ಇದ್ರಾಗ. ಬೆಣ್ಣಿ ಕೈ!"

ಅತ್ತೆಗೆ ಹಿಗ್ಗು. "ಸೊಸಿದೇನು ಬಂತು, ನಮ್ಮ ಮನಿತನದ್ದೇ ಕೈ ಅದು," ಅಂದರು. ಸರಿತಾ ಬಳೆ ಗಲಗಲ ಅನಿಸಿದಳು. ಎಲ್ಲರೂ ನಗುತ್ತಿದ್ದರು. ನಾನು ಚಹಾ ಮಾಡುತ್ತೇನೆಂದು ಒಳಗೆ ಹೋಗಿ ಒಲೆ ಹಚ್ಚದೆ ನಿಂತಿದ್ದೆ.

ನನಗೂ ಹೀಗೇ ಅನ್ನುತ್ತಿದ್ದರು. ಇದೇ ಮಾತು. ಬೆಣ್ಣಿ ಕೈ.

ಜುಲೈ ೨೭

ಕೇಳಿಯೇ ಬಿಟ್ಟೆ. "ಹೆಬ್ಬಟ್ಟು ಹಿಂದ ಬಾಗ್ತದೇನ ನಿಂದು?"

ಮಣಿಕಟ್ಟಿಗೆ ಹಚ್ಚಿ ತೋರಿಸಿದಳು. ಆಮೇಲೆ ಬೆರಳುಗಳನ್ನೆಲ್ಲ ಹಿಂದಕ್ಕೆ ಮಡಚಿದಳು, ನಗುನಗುತ್ತಾ. "ಸಾಲ್ಯಾಗ ಯಾರಿಗೂ ಬರಂಗಿಲ್ಲವ್ವಾ ಇದು. ನನಗ ಒಬ್ಬಾಕಿಗೇ ಬರ್ತದ."

"ಮಾಡಬ್ಯಾಡ! ಬಿಡು!" ಅಂತ ಚೀರಿದೆ. ಉಂಡಿ ಕೊಡುವ ಬದಲು ಚೀರಿದೆ. ಹುಡುಗಿ ಬೆದರಿ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

ತಬಲಾದ ಮೇಲೆ ಆ ಬೆರಳು ದಿನಾ ಬಡಿಯಬೇಕು. ಇನ್ನು ಹತ್ತು ವರ್ಷ ಬಡಿದರೆ? ಈಗಲೇ ಬಿಡಿಸಿದರೆ ಮರೆಯುತ್ತಾಳೆ. ಕೈ ಹೋದ ಮೇಲೆ ಬಿಡುವುದಕ್ಕಿಂತ ರುಚಿ ಹತ್ತುವ ಮೊದಲೇ ಬಿಡುವುದು ಒಳ್ಳೆಯದಲ್ಲವೇ...

ತಬಲಾ ಜೋಡಿ ಅಟ್ಟದ ಮೇಲೆ ಇಟ್ಟಿದ್ದೇನೆ. ಕಾರಣ ಹೇಳಿಲ್ಲ.

ಆಗಸ್ಟ್ ೩, ಭಾನುವಾರ

ತಬಲಾ ಕಲಿಸುವ ಗೋರಖನಾಥ ಮಾಸ್ತರು ಮನೆಗೇ ಬಂದರು. "ಯಾಕ್ರಿ ತಂಗಿ, ಸರಿತಾ ಬರ್ಲೇ ಇಲ್ಲ? ಶ್ರಾವಣದ ಕಡೀ ಸೋಮವಾರ ಭಾಲ್ಕಿ ಕಾರ್ಯಕ್ರಮ ಅದ. ನಿಮ್ಮ ಪೇಟಿ, ಆಕಿ ತಬಲಾ ಅಂತ ನಾ ಹೆಸರ ಕೊಟ್ಟೀನಿ."

ಜ್ವರ ಅಂದೆ. ಜ್ವರದ ಹುಡುಗಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಮಾಸ್ತರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಚಹಾ ಕುಡಿದು ಹೋದರು.

ಮರೆಯುತ್ತಾಳಂತೆ! ಹಿಟ್ಟಿನ ಡಬ್ಬಿ ಮೇಲೆ ಬಾರಿಸುತ್ತಾಳೆ. ನಾನು ಬಂದರೆ ನಿಲ್ಲಿಸುತ್ತಾಳೆ. ನನ್ನ ಕೂಡ ಮಾತು ಕಮ್ಮಿ.

ಆಗಸ್ಟ್ ೫, ಮಂಗಳವಾರ

ಚೀಟಿ ತೋರಿಸಿ ಹೇಳಿಟ್ಟ ಹೈದರಾಬಾದಿನ ಉಂಗುರ ಇನ್ನೂ ಬಂದಿಲ್ಲ. ಫೋನ್ ಮಾಡಿದರೆ ಇವತ್ತು, ನಾಳೆ. ಬಿದ್ರಿ ತಂತಿ ತಿರುವಿ ನೋಡಿದೆ — ಕೂದಲೆಳೆಯಂಥದ್ದು, ಬೆರಳು ಬಗ್ಗಿಸಿದರೆ ತಾನೇ ಬಗ್ಗಿತು.

ಆಗ ಕಾಲು ಕಂಡಿತು. ಕಾಲುಂಗುರ. ಸುತ್ತಿನದು, ಒಳ್ಳೆ ದಪ್ಪ ಬೆಳ್ಳಿ. ಎಡಗಾಲಿಂದ ಒಂದು ತೆಗೆದೆ. ಇಕ್ಕಳದಿಂದ ಬಿಚ್ಚಿದೆ, ತಿರುವಿದೆ, ಅರ ಹಾಕಿ ತುದಿ ನುಣುಪು ಮಾಡಿದೆ. ಗೆಣ್ಣಿನ ಅಡಿಯಲ್ಲಿ ಅಡ್ಡ ಹಾಯುವಂತೆ, ಮೇಲೆ ಎರಡು ಸುತ್ತು. ಇಂಗ್ಲಿಷ್ ಎಂಟು.

ಬಲಗೈ ತೋರುಬೆರಳಿಗೆ ಹಾಕಿ ಪೇಟಿ ಮುಂದೆ ಕೂತೆ. ಒತ್ತಿದೆ. ಬೆರಳು ಹಿಂದಕ್ಕೆ ಹೋಗಲಿಲ್ಲ! ಮತ್ತೆ ಒತ್ತಿದೆ. ಅಯ್ಯೋ ನನ್ನವ್ವಾ, ಬೆರಳು ಹೀಗೆ ನಿಲ್ಲುತ್ತದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅನ್ನ ಉಕ್ಕಿ ಒಲೆ ಆರುವ ತನಕ ನುಡಿಸಿದೆ. ಮನಸ್ಸು ತುಂಬಿ ಬಂತು.

ಸರಿತಾ ಬಾಗಿಲಲ್ಲಿ ನಿಂತು ಉಂಗುರವನ್ನೇ ನೋಡುತ್ತಿದ್ದಳು. "ಅದು ಹಾಕ್ಕೊಂಡ್ರ ಬೆರಳು ಗಟ್ಟಿ ಆಗ್ತಾವೇನವ್ವಾ?" ಅಂದಳು. ಹೂಂ ಅಂದೆ.

ಆಗಸ್ಟ್ ೬, ರಾತ್ರಿ

ಇವರ ಹಣೆಗೆ ಹೊಲಿಗೆ ಬಿದ್ದಿದೆ. ಔರಾದ ದಾಟಿದ ಮೇಲೆ ತಿರುವಿನಲ್ಲಿ ಇವರ ಬಸ್ಸಿಗೆ ಕುರಿಹಿಂಡು ಅಡ್ಡ ಬಂತಂತೆ. ಬ್ರೇಕ್ ಒತ್ತಿದ ರಭಸಕ್ಕೆ ಹಣೆ ಸ್ಟೇರಿಂಗಿಗೆ ಬಡಿದಿದೆ. ಬಸ್ಸಿನಲ್ಲಿದ್ದವರಿಗೆ ಏನೂ ಆಗಿಲ್ಲ, ಕುರಿಗಳಿಗೂ ಇಲ್ಲ. ಬ್ಯಾಂಡೇಜ್ ಕಟ್ಟಿಕೊಂಡು ನಗುತ್ತಾ ಬಂದರು.

ಅತ್ತೆ ಮಗನ ಹಣೆ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು.

"ಎಡಗಾಲಿಂದು ಎಲ್ಲಿ?"

ಕೈ ತೋರಿಸಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಕಾಲಾಗಿಂದು ತೆಗ್ದು ಕೈಗಿ ಹಾಕ್ಕೊಂಡೀ? ಗಂಡ ದಿನಾ ಬಸ್ ನಡಸಾಂವ. ಅಷ್ಟೂ ತಿಳಿಯಂಗಿಲ್ಲೇನ ನಿನಗ?"

"ಏ ಅವ್ವಾ, ಕುರಿ ಏನ್ ಕಾಲುಂಗ್ರ ನೋಡಿ ಅಡ್ಡ ಬರ್ತಾವೇನು?" ಇವರು ನಕ್ಕರು. ನಕ್ಕಾಗ ಹೊಲಿಗೆ ಎಳೆದು ಮುಖ ಕಿವುಚಿದರು.

ಶಕುನ, ಅಪಶಕುನ ಎಲ್ಲ ಸುಳ್ಳು ಅಂತ ಶರಣರ ಮಾತನ್ನು ವಾರವಾರ ಪೇಟಿ ಹಿಡಿದು ಹಾಡುವವಳೇ ನಾನು. ಅತ್ತೆ ಮುಂದೆ ಕೂತು ತಾಳ ಹಾಕುತ್ತಾರೆ. ಹಾಡುವುದು ಬೇರೆ. ಹಣೆ ಮೇಲೆ ರಕ್ತ ಕಂಡರೆ ಬೇರೆ. ಎಂಟನ್ನು ಬಿಚ್ಚಿ, ಸುತ್ತಿ, ಕಾಲಿಗೆ ಹಾಕಿಕೊಂಡೆ. ಸೊಟ್ಟಗಾಗಿದೆ. ಚುಚ್ಚುತ್ತದೆ.

ಆಗಸ್ಟ್ ೧೪, ಗುರುವಾರ

ಅಕ್ಷರ ಸೊಟ್ಟ ಬಂದರೆ ಬರಲಿ.

ಸಾಲಿಯಿಂದ ಬಂದ ಸರಿತಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಹೊತ್ತಾದರೂ ಇಲ್ಲ. ಬಾಗಿಲು ಬಡಿದಾಗ ಅಳುತ್ತಾ ತೆಗೆದಳು. ಬಲಗೈ ತೋರುಬೆರಳು ಬದನೆಕಾಯಿ ಬಣ್ಣ. ನನ್ನ ಬಿದ್ರಿ ತಂತಿ. ಬೆರಳಿಗೆ ಸುತ್ತಿ ಸುತ್ತಿ ಬಿಗಿದುಕೊಂಡಿದ್ದಾಳೆ. ಬೆರಳು ಬಾತು ತಂತಿ ಒಳಗೆ ಹೂತುಹೋಗಿದೆ.

ಕಟ್ಟರ್ ತಂದೆ. ಚೂಪು ತುದಿ ತಂತಿಯ ಕೆಳಗೆ ತೂರಿಸಿ ಒತ್ತಬೇಕು. ಒತ್ತಿದೆ — ನನ್ನ ಬೆರಳು ಹಿಂದಕ್ಕೆ ಬಾಗಿತು. ಕಟ್ಟರ್ ಜಾರಿತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ಮಗಳು ಚೀರುತ್ತಿದ್ದಾಳೆ. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ.

ಅತ್ತೆ ಬಂದು ಹಿಂದೆ ಕೂತರು. ನನ್ನ ಕೈ ಮೇಲೆ ತಮ್ಮ ಕೈ ಇಟ್ಟು, ಬಾಗುವ ಬೆರಳಿನ ಬೆನ್ನಿಗೆ ತಮ್ಮ ಬೆರಳು ಗಟ್ಟಿಯಾಗಿ ಕೊಟ್ಟರು. "ಹೂಂ. ಈಗ ಒತ್ತು."

ಒತ್ತಿದೆ. ಕಡಿಯಿತು. ಒಂದೊಂದೇ ಸುತ್ತು ಕಡಿದೆವು, ಇಬ್ಬರ ಕೈಯೂ ಸೇರಿ. ಬಣ್ಣ ಬರುವ ತನಕ ಉಸಿರು ಬಿಡಲಿಲ್ಲ. ಕೆಂಪಾಯಿತು. ಬೆರಳು ಆಡಿಸಿದಳು.

ಅತ್ತೆ ನನ್ನ ಕೈ ಮಾತ್ರ ಬಿಟ್ಟಿರಲಿಲ್ಲ. ಬೆರಳನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಎಲ್ಲಿಯ ತನಕ ಹೋಗುತ್ತದೆ ಅಂತ ನೋಡಿದರು. "ಇಷ್ಟ್ ಹೋಗ್ತದಲ್ಲಾ... ಯಾಕ್ ಹೇಳ್ಲಿಲ್ಲ ನೀ?"

ಎಲ್ಲ ಹೇಳಿದೆ. ದವಾಖಾನೆ, ಉಂಗುರ, ಅಕ್ತರಬೀ ಅಂದದ್ದು, ತಬಲಾ ಯಾಕೆ ಅಟ್ಟಕ್ಕೆ ಹಾಕಿದೆ ಅನ್ನುವುದು. ಬಿಕ್ಕುತ್ತಲೇ ಹೇಳಿದೆ.

ಸರಿತಾ ಅತ್ತೆಯ ಸೆರಗಿನೊಳಗಿಂದ ಅಂದಳು — "ಬೆರಳು ಗಟ್ಟಿ ಆದ್ರ ನೀ ತಬಲಾ ಕೊಡ್ತಿ ಅಂತ ಕಟ್ಕೊಂಡೆ."

ಇದನ್ನು ಬರೆದ ಮೇಲೆ ಇನ್ನೇನು ಬರೆಯಲಿ.

ಆಗಸ್ಟ್ ೧೬, ಶನಿವಾರ

ಸರಿತಾಳನ್ನು ಕರೆದುಕೊಂಡು ಅದೇ ಡಾಕ್ಟರ್ ಹತ್ತಿರ ಹೋದೆ. ಅತ್ತೆಯೂ ಬಂದರು. ಬೆರಳಿಗೆ ಏನೂ ಆಗಿಲ್ಲ. ಆವತ್ತು ಕೇಳದೆ ಓಡಿಬಂದದ್ದನ್ನು ಇವತ್ತು ಕೇಳಿದೆ — ಇವಳು ತಬಲಾ ಬಾರಿಸಬಹುದೇ?

"ಬಾರಿಸ್ಲಿ ಬಿಡ್ರಿ. ಸ್ವಲ್ಪ ಸ್ವಲ್ಪ. ನೋವಾದ್ರ ನಿಲ್ಲಿಸ್ಬೇಕು, ಮುಚ್ಚಿ ಇಡಬಾರ್ದು. ಕೈ ಗಟ್ಟಿ ಆಗೋ ವ್ಯಾಯಾಮ ಹೇಳ್ಕೊಡ್ತೇನಿ. ಉಂಗುರ ಬಿಗಿ ಇರಬಾರ್ದು, ಆರಾಮ ಹಾಕಿ ತೆಗಿಯಂಗಿರ್ಬೇಕು."

"ಮುಂದ ದೊಡ್ಡಾಕಿ ಆದ ಮ್ಯಾಲ ಹ್ಯಾಂಗ್ರಿ?"

"ಅದು ಈಗೇ ಹೇಳ್ಲಾಕ ಬರಂಗಿಲ್ರಿ."

ಹೇಳಲು ಬರುವುದಿಲ್ಲವಂತೆ. ಆಟೋದಲ್ಲಿ ದಾರಿಯುದ್ದಕ್ಕೂ ಆ ಮಾತೇ.

ಮನೆಗೆ ಬಂದ ಮೇಲೆ ಅತ್ತೆ ಪೆಟ್ಟಿಗೆ ತೆಗೆದು, ಸೀರೆಗಳ ಅಡಿಯಿಂದ ವಿಭೂತಿ ಬಟ್ಟೆಯ ಗಂಟು ತಂದು ನನ್ನ ಉಡಿಯಲ್ಲಿ ಹಾಕಿದರು. ಬಿಚ್ಚಿದೆ. ಕಾಲುಂಗುರ. ಸವೆದವು, ಕಪ್ಪಾದವು. ಮಾವ ಮಲ್ಲಿಕಾರ್ಜುನಪ್ಪನವರು ಹೋದ ದಿನ ಬಿಚ್ಚಿಟ್ಟದ್ದು. ನಾನು ಈ ಮನೆಗೆ ಬರುವ ಮೊದಲಿನ ಮಾತು.

"ಇವು ಮುರಿದು ಮಾಡು. ನಿನಗೂ, ಆಕಿಗೂ."

"ಅತ್ತಿ, ಇವು ನಿಮ್ಮ..."

"ಇವು ಇನ್ನ ಯಾರ ಆಯುಷ್ಯಕ್ಕೂ ಅಡ್ಡ ಬರಾಂಗಿಲ್ಲ. ತಗೋ."

ಅಂದು ಅಡುಗೆ ಮನೆಗೆ ಹೋದರು.

ಆಗಸ್ಟ್ ೧೭

ಇಕ್ಕಳ ಹಿಡಿದು ಕೂತೆ. ಸರಿತಾ ಪಕ್ಕದಲ್ಲಿ ಬೆರಳು ಚಾಚಿಕೊಂಡು. ಅತ್ತೆ ನನ್ನ ಬೆರಳ ಬೆನ್ನಿಗೆ ಬೆರಳು ಕೊಟ್ಟು. ಹಳೆಯ ಬೆಳ್ಳಿ ಮೆತ್ತಗಿದೆ, ಹೇಳಿದಂತೆ ತಿರುಗುತ್ತದೆ. ಮಗಳ ಅಳತೆಗೆ ಸಡಿಲವಾಗಿ ಒಂದು ಎಂಟು, ನನಗೊಂದು. ತಿಕ್ಕಿದಾಗ ಬಿಳಿ ಬಂತು. ಅದನ್ನು ನೋಡಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಅಟ್ಟದಿಂದ ತಬಲಾ ಇಳಿಸಿದೆ. ಮಾಸ್ತರಿಗೆ ಫೋನ್. "ಜ್ವರ ಇಳೀತೇನ್ರಿ?" ಅಂದರು. ನಗುತ್ತಿದ್ದರು ಅನ್ನಿಸುತ್ತದೆ.

ಆಗಸ್ಟ್ ೧೮, ಸೋಮವಾರ. ಭಾಲ್ಕಿ

ವೇದಿಕೆಯ ಹಿಂದೆ ಕೂತು ಬರೆಯುತ್ತಿದ್ದೇನೆ. ಇನ್ನೂ ನಮ್ಮ ಸರದಿ ಬಂದಿಲ್ಲ. ನಡುವೆ ಅವಳಿಗೆ ನೋವಾದರೆ? ನಾನು ತಬಲಾ ಬಿಡಿಸುತ್ತೇನೆಂದು ಮುಚ್ಚಿಟ್ಟರೆ? ಈ ಹೆದರಿಕೆ ಇನ್ನು ಹೋಗುವುದಿಲ್ಲ. ಅವಳು ಬಾರಿಸುವಷ್ಟು ದಿನ ಇದೂ ಇರುತ್ತದೆ. ಇರಲಿ.

ಪರದೆ ಸಂದಿಯಿಂದ ಮುಂದಿನ ಸಾಲು ಕಾಣುತ್ತದೆ. ಹಣೆಪಟ್ಟಿ ಬಿಚ್ಚಿಕೊಂಡು ಇವರು. ಪಕ್ಕದಲ್ಲಿ ಅತ್ತೆ, ಬರಿಗಾಲು ಮಡಚಿ ಕೂತಿದ್ದಾರೆ. ತಾಳ ಹಾಕಲು ಈಗಲೇ ಕೈ ತೊಡೆ ಮೇಲಿಟ್ಟಿದ್ದಾರೆ.

"ಅವ್ವಾ, ಅಂಜಬ್ಯಾಡ," ಅಂತಾಳೆ ಸರಿತಾ. ಬಂದು ನನ್ನ ಬೆರಳ ಬೆನ್ನಿಗೆ ತನ್ನ ಬೆರಳು ಕೊಟ್ಟಿದ್ದಾಳೆ, ಅತ್ತೆ ಕೊಟ್ಟ ಹಾಗೆ. ಉಂಗುರಕ್ಕೆ ಉಂಗುರ ತಾಕುತ್ತಿದೆ. ಹೀಗೇ ಹಿಡಿದುಕೊಂಡು ಬರೆಯುತ್ತಿ—

ಹೆಸರು ಕರೆದರು. ಎದ್ದೇಬಿಟ್ಟಳು ಇವಳು. ನಾನಿನ್ನೂ