ಕಣ್ಣಿಗೆ ಕಾಣದ 'ಕ'

ಗುರುವಾರ, ಶಾಲೆ ಬಿಟ್ಟ ಮೇಲೆ

ಪ್ರೀತಿಯ ಅಕ್ಕ,

ಇವತ್ತು ಬೆಳಿಗ್ಗೆ ನೆಗಡಿಯೆಂದು ಕರವಸ್ತ್ರ ಬಾಯಿಗೆ ಅಡ್ಡ ಹಿಡಿದೇ ಆ ಪುಟ್ಟ ಹುಡುಗಿಗೆ ಕೂರಲು ಹೇಳಿದೆ. ಕೂರಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಕರವಸ್ತ್ರ ತೆಗೆದು ಅದನ್ನೇ ಹೇಳಿದೆ, ಕೂತಳು.

ಅವಳ ವಿಷಯ ಬರೆದಿದ್ದೆನಲ್ಲ, 'ಕ' ಬಾರದವಳು. ಕಪ್ಪೆ ಅವಳ ಬಾಯಲ್ಲಿ ತಪ್ಪೆ. ನನ್ನನ್ನು ಅಕ್ಕ ಎನ್ನಲು ಹೋಗಿ 'ಅತ್ತ' ಎನ್ನುತ್ತಾಳೆ. ಯಾರೇ ಅತ್ತಿದ್ದು ಎಂದು ಟೀಚರುಗಳು ನಗುತ್ತಾರೆ. ಇಡೀ ವರ್ಷ ಅವಳನ್ನು ಕನ್ನಡಿಯ ಮುಂದೆ ಕೂರಿಸಿ ನಾಲಿಗೆ ತಿದ್ದಿದೆ. ಇವತ್ತು ಹೊಳೆಯಿತು: ಪ, ಮ ತುಟಿಯ ಮೇಲೆ ಕಾಣುತ್ತವೆ, ತ ಹಲ್ಲಿನ ಸಂದಿಯಲ್ಲಿ ಇಣುಕುತ್ತದೆ, ಕ ಮಾತ್ರ ಒಳಗೆಲ್ಲೋ ಹುಟ್ಟುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಅವಳು ನನ್ನ ಮಾತನ್ನು ಕೇಳುತ್ತಿಲ್ಲವೇನೋ ಅಕ್ಕ, ನೋಡುತ್ತಿದ್ದಾಳೆ.

ಆದರೆ ಇದನ್ನು ಅವಳ ತಾಯಿಗೆ ಹೇಳುವ ಅಧಿಕಾರ ನನಗಿಲ್ಲ. ನನ್ನಂಥ ಸ್ಪೀಚ್ ಥೆರಪಿ ಸಹಾಯಕಿ ಅಭ್ಯಾಸ ಮಾಡಿಸಬಹುದು, ಅಷ್ಟೇ. ಮಗುವಿಗೆ ಇಂಥ ತೊಂದರೆ ಎಂದು ಹೇಳುವುದು ಸ್ಪೀಚ್ ಥೆರಪಿಸ್ಟ್ ಮೇಡಂ ಕೆಲಸ. ನನಗೆ ಸಹಾಯಕಿಯ ಲೈಸೆನ್ಸ್ ಸಿಗಬೇಕಾದರೂ ಅವರು ವರ್ಷವೆಲ್ಲ ಆಗಾಗ ನನ್ನ ಪಕ್ಕ ಕೂತು ನೋಡಿರಬೇಕು, ನೋಡಿದ್ದೇನೆಂದು ಸಹಿ ಹಾಕಬೇಕು. ಐದು ಶಾಲೆಗೆ ಅವರೊಬ್ಬರೇ. ನಮ್ಮಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಬಾಗಿಲಲ್ಲೇ ನಿಂತು ಕ್ಷೇಮ ವಿಚಾರಿಸಿ ಹೊರಡುತ್ತಿದ್ದರು, ಒಮ್ಮೆಯೂ ಕೂತು ನೋಡಿಲ್ಲ. ಒಳಗೆ ಬನ್ನಿ ಎನ್ನಲು ನನಗೂ ಸಂಕೋಚ.

ಮಧ್ಯಾಹ್ನ ಸಹಿ ಹಾಕಲೆಂದೇ ಬಂದರು. ಕರವಸ್ತ್ರದ ವಿಷಯ ಹೇಳಿದೆ. ಅವರ ಮುಖ ಬಾಡಿತು. ಕಿವಿ ಪರೀಕ್ಷೆಗೆ ಇವತ್ತೇ ಬರೆಯುತ್ತೇನೆ ಎಂದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಸುಮ್ಮನೆ ಹಿಡಿದುಕೊಂಡರು.

"ಮೇಡಂ, ನೀವು ಮೊದಲೇ ಬಂದು ಕೂತು ನೋಡಿದ್ದಿದ್ರೆ..." ಎಂದೆ.

"ಗೊತ್ತಮ್ಮ. ಆದ್ರೆ ಈಗ ನಾನು ಸಹಿ ಹಾಕದಿದ್ರೆ ನಿಂಗೆ ಮತ್ತೆ ಒಂದು ವರ್ಷ. ಅಲ್ಲೀವರೆಗೂ ಕೆಲಸ ಉಳಿಯುತ್ತೋ ಇಲ್ವೋ. ಯೋಚ್ನೆ ಮಾಡು."

ಯೋಚಿಸುತ್ತಿದ್ದೇನೆ. ಲೈಸೆನ್ಸ್ ಬಂದೇಬಿಟ್ಟಿತೆಂದು ಅಮ್ಮ ಬೀದಿಗೆಲ್ಲ ಹೇಳಿ ಆಗಿದೆ. ಕಥೆ ಕವಿತೆ ಓದಿದವಳಿಗೆ ಯಾರು ಕೆಲಸ ಕೊಡ್ತಾರೆ ಎಂದಿದ್ದ ಮಾವನಿಗೂ ಫೋನ್ ಮಾಡಿದ್ದಾಳೆ. ತಾನೇ ಬಾಯಿ ಬಿಡದವಳು ಊರ ಮಕ್ಕಳ ಬಾಯಿ ಬಿಡಿಸ್ತಾಳಂತೆ ಎಂದು ನಗುತ್ತಿದ್ದ ನೀನೂ ಈಚೆಗೆ ನಗುವುದನ್ನು ಬಿಟ್ಟಿದ್ದೀಯ.

ನಿನ್ನ ಆರೋಗ್ಯ ನೋಡಿಕೋ.

ನಿನ್ನ ತಂಗಿ,
ಮೌನಗೌರಿ

ಮರೆತ ಮಾತು: ಯೋಚಿಸುತ್ತಿದ್ದೇನೆ ಎಂದು ಬರೆದದ್ದು ಸುಳ್ಳು. ಸಹಿ ಬೇಡ ಮೇಡಂ, ಸೋಮವಾರದಿಂದ ಒಳಗೆ ಬಂದು ಕೂತ್ಕೊಳ್ಳಿ, ಮೊದಲಿಂದ ಶುರು ಮಾಡೋಣ ಎಂದು ಆಗಲೇ ಹೇಳಿಬಿಟ್ಟೆ, ಎಲ್ಲೂ ತಡವರಿಸದೆ. ಕನ್ನಡಿಯ ಪಕ್ಕ ಅವರಿಗೊಂದು ಕುರ್ಚಿಯನ್ನೂ ತಂದು ಹಾಕಿದ್ದೇನೆ. ಅಮ್ಮನಿಗೆ ಮಾತ್ರ ನೀನೇ ಹೇಳು.